ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು? ಕಾಗದದ ಲೆಕ್ಕವೂ ಕತ್ತಲೆಯ ಲೆಕ್ಕವೂ

‘ಐದು ಗಂಟೆ ಬರುತ್ತದೆ ಎಂದು ಅಂಗಡಿಯವರು ಹೇಳಿದ್ದರು, ಎರಡು ಗಂಟೆಗೇ ಕೂಗಲು ಶುರು ಮಾಡಿತು’. ಮನೆಗೆ ಯುಪಿಎಸ್ ಹಾಕಿಸಿಕೊಂಡವರಲ್ಲಿ ಈ ಮಾತನ್ನು ಆಡದವರು ಅಪರೂಪ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಬೆಂಗಳೂರಿನಲ್ಲಿ ಮರ ತಂತಿಯ ಮೇಲೆ ಉರುಳಿದಾಗ, ಜೂನ್-ಜುಲೈನ ಗಾಳಿಮಳೆಗೆ ಮಲೆನಾಡಿನಲ್ಲಿ ಕಂಬಗಳೇ ಮಲಗಿದಾಗ, ಬೇಸಿಗೆಯಲ್ಲಿ ಬೇಡಿಕೆ ಏರಿ ಉತ್ತರ ಕರ್ನಾಟಕದ ಊರುಗಳಲ್ಲಿ ಲೋಡ್ ಶೆಡ್ಡಿಂಗ್ ಆರಂಭವಾದಾಗ ಪ್ರತಿ ಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಇದು ಇನ್ನೆಷ್ಟು ಹೊತ್ತು ಬಂದೀತು?

ಟಿವಿ ನಿಂತರೆ ದೊಡ್ಡ ನಷ್ಟವೇನಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಓದುತ್ತಿರುವ ಮಕ್ಕಳಿರುವ ಮನೆಯಲ್ಲಿ, ಲ್ಯಾಪ್‌ಟಾಪ್ ಮುಂದೆ ಕುಳಿತೇ ದುಡಿಯುವವರಿರುವ ಮನೆಯಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಆಧಾರದಲ್ಲಿ ಉಸಿರಾಡುತ್ತಿರುವ ರೋಗಿ ಇರುವ ಮನೆಯಲ್ಲಿ ಐದು ಗಂಟೆಗೂ ಎರಡು ಗಂಟೆಗೂ ಇರುವ ಅಂತರ ಸಣ್ಣದಲ್ಲ. ಈ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಗುಣಾಕಾರ-ಭಾಗಾಕಾರ ಬಲ್ಲ ಯಾರು ಬೇಕಾದರೂ ತಿಳಿದುಕೊಳ್ಳಬಹುದು.

ವಿಎ ಎಂದರೆ ಸಮಯವಲ್ಲ

ಮೊದಲು ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಯುಪಿಎಸ್ ಪೆಟ್ಟಿಗೆಯ ಮೇಲೆ 700 ವಿಎ, 900 ವಿಎ, 1100 ವಿಎ ಎಂದು ಬರೆದಿರುತ್ತದೆ. ಏಕಕಾಲಕ್ಕೆ ಎಷ್ಟು ಹೊರೆಯನ್ನು ಅದು ಹೊರಬಲ್ಲದು ಎಂಬುದನ್ನಷ್ಟೇ ಈ ಸಂಖ್ಯೆ ಸೂಚಿಸುತ್ತದೆ. ಎಷ್ಟು ಹೊತ್ತು ಹೊರಬಲ್ಲದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ವರದಿಗಾರನೂ ಹಿಂದೊಮ್ಮೆ, ಹೆಚ್ಚು ವಿಎ ಇದ್ದರೆ ಹೆಚ್ಚು ಹೊತ್ತು ಬರುತ್ತದೆಂಬ ಅಂಗಡಿಯಾತನ ಮಾತು ನಂಬಿ ದೊಡ್ಡ ಪೆಟ್ಟಿಗೆಗೆ ಹಣ ತೆತ್ತು, ಹಳೆಯ ಬ್ಯಾಟರಿಯನ್ನೇ ಅದಕ್ಕೆ ಜೋಡಿಸಿಕೊಂಡು ಬಂದವನು. ಸಮಯ ಒಂದು ನಿಮಿಷವೂ ಹೆಚ್ಚಲಿಲ್ಲ. ತೊಟ್ಟಿ ಅಷ್ಟೇ ಇದ್ದು ನಲ್ಲಿಯನ್ನು ದೊಡ್ಡದು ಮಾಡಿಸಿದಂತಾಗಿತ್ತು.

ಸಮಯವನ್ನು ನಿರ್ಧರಿಸುವುದು ಬ್ಯಾಟರಿ. ಅದರ ಮೇಲೆ ಎರಡು ಸಂಖ್ಯೆಗಳಿರುತ್ತವೆ: 12 ವೋಲ್ಟ್ ಮತ್ತು, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಗಾತ್ರವಾದರೆ, 150 ಎಎಚ್. ಎಎಚ್ ಎಂದರೆ ಆಂಪಿಯರ್-ಅವರ್. ಇವೆರಡನ್ನು ಗುಣಿಸಿದರೆ 1,800 ವ್ಯಾಟ್-ಅವರ್, ಅಂದರೆ ಸುಮಾರು 1.8 ಯೂನಿಟ್ ವಿದ್ಯುತ್. ಇದು ತೊಟ್ಟಿಯ ಗಾತ್ರ. ಇದನ್ನು ಮನೆಯ ಹೊರೆಯಿಂದ ಭಾಗಿಸಿದರೆ ಗಂಟೆಗಳ ಲೆಕ್ಕ ಸಿಗಬೇಕು. ಅಂಗಡಿಗಳಲ್ಲಿ ಹೇಳುವುದು ಬಹುತೇಕ ಇದೇ ಲೆಕ್ಕ. ಹೊರೆ 360 ವ್ಯಾಟ್ ಎಂದಿಟ್ಟುಕೊಂಡರೆ 1,800 ಭಾಗಿಸು 360, ಐದು ಗಂಟೆ. ಕಾಗದದ ಮೇಲೆ ಇದು ಸರಿ. ಕತ್ತಲೆಯಲ್ಲಿ ಮಾತ್ರ ಸರಿಹೋಗುವುದಿಲ್ಲ.

ಸೋರಿಕೆ ಎಲ್ಲೆಲ್ಲಿ?

ಮೊದಲ ಸೋರಿಕೆ ಯುಪಿಎಸ್ ಪೆಟ್ಟಿಗೆಯೊಳಗೇ ಇದೆ. ಬ್ಯಾಟರಿಯ 12 ವೋಲ್ಟ್ ನೇರ ವಿದ್ಯುತ್ತನ್ನು 230 ವೋಲ್ಟ್ ಪರ್ಯಾಯ ವಿದ್ಯುತ್ತಾಗಿ ಬದಲಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ಮನೆಬಳಕೆಯ ಸಾಧಾರಣ ಯುಪಿಎಸ್‌ಗಳ ದಕ್ಷತೆಯನ್ನು ಶೇ 80 ಎಂದು ಹಿಡಿಯುವುದು ಕ್ಷೇಮ. ಮನೆಯಲ್ಲಿ 100 ವ್ಯಾಟ್ ಉರಿಯುತ್ತಿದ್ದರೆ ಬ್ಯಾಟರಿಯಿಂದ 125 ವ್ಯಾಟ್ ಹೊರಹೋಗುತ್ತಿರುತ್ತದೆ. ಏನನ್ನೂ ಉರಿಸದಿದ್ದರೂ ಪೆಟ್ಟಿಗೆ ತನ್ನ ಪಾಲಿನ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತಲೇ ಇರುತ್ತದೆ.

ಎರಡನೆಯದು ಇನ್ನೂ ದೊಡ್ಡದು, ಆದರೆ ಅದನ್ನು ಬಲ್ಲವರು ಕಡಿಮೆ. ಬ್ಯಾಟರಿಯ ಮೇಲಿನ 150 ಎಎಚ್ ಎಂಬ ಸಂಖ್ಯೆಯ ಪಕ್ಕದಲ್ಲಿ ‘ಸಿ20’ ಎಂಬ ಪುಟ್ಟ ಗುರುತು ಇರುವುದುಂಟು. ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, 7.5 ಆಂಪಿಯರ್‌ನಂತೆ ಹೀರಿದರೆ ಮಾತ್ರ 150 ಎಎಚ್ ಸಿಗುತ್ತದೆ ಎಂಬುದು ಅದರ ಅರ್ಥ. ಅವಸರದಲ್ಲಿ ಹೀರಿದರೆ ಸೀಸದ ಬ್ಯಾಟರಿ ಅಷ್ಟನ್ನು ಕೊಡುವುದಿಲ್ಲ. ಆಮ್ಲವು ಸೀಸದ ಫಲಕಗಳ ಒಳಗಿನ ರಂಧ್ರಗಳಿಗೆ ಇಳಿಯಲು ಸಮಯ ಬೇಕು. ಅದು ಇಳಿಯುವ ಮುನ್ನವೇ ವೋಲ್ಟೇಜ್ ಕುಸಿದು ಯುಪಿಎಸ್ ಕೈಚೆಲ್ಲುತ್ತದೆ. ಈ ಗುಣವನ್ನು 1897ರಲ್ಲೇ ಸೂತ್ರಕ್ಕಿಳಿಸಿದವರು ಜರ್ಮನಿಯ ವಿಜ್ಞಾನಿ ಪ್ಯೂಕರ್ಟ್. ನೂರಕ್ಕೂ ಹೆಚ್ಚು ವರ್ಷಗಳಾದರೂ ಅವರ ಸೂತ್ರ ನಮ್ಮ ಬ್ಯಾಟರಿ ಅಂಗಡಿಗಳನ್ನು ತಲುಪಿದಂತೆ ಕಾಣುವುದಿಲ್ಲ! ಸೌರ ವಿದ್ಯುತ್ತಿಗೆ ಮಾರುವ ಬ್ಯಾಟರಿಗಳ ಮೇಲೆ ‘ಸಿ10’ ಎಂದಿರುತ್ತದೆ. ಎಎಚ್ ಸಂಖ್ಯೆ ಒಂದೇ ಆಗಿದ್ದರೂ ಸಿ10 ಗುರುತಿನದೇ ನಿಜಕ್ಕೂ ದೊಡ್ಡ ಬ್ಯಾಟರಿ. ಬೆಲೆ ಹೋಲಿಸುವಾಗ ಇದನ್ನು ಮರೆಯಬಾರದು.

ಎರಡೂ ಸೋರಿಕೆಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಹೊಸ 150 ಎಎಚ್ ಬ್ಯಾಟರಿಯ ಚಿತ್ರ ಹೀಗಿರುತ್ತದೆ. ಹೊರೆ 200 ವ್ಯಾಟ್ ಇದ್ದರೆ ಕಾಗದದ ಮೇಲೆ 9 ಗಂಟೆ, ವಾಸ್ತವದಲ್ಲಿ 6 ಗಂಟೆಗೆ ತುಸು ಕಡಿಮೆ. 300 ವ್ಯಾಟ್ ಇದ್ದರೆ 6 ಗಂಟೆಯ ಬದಲು ಮೂರೂವರೆ ಗಂಟೆ. 400 ವ್ಯಾಟ್‌ಗೆ ನಾಲ್ಕೂವರೆಯ ಬದಲು ಎರಡೂವರೆ. 600 ವ್ಯಾಟ್‌ಗೆ 3 ಗಂಟೆಯ ಬದಲು ಒಂದೂವರೆ. ಹೊರೆ ಏರಿದಂತೆ ಸಮಯ ಬರೀ ಅದರ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ವೇಗವಾಗಿ ಇಳಿಯುತ್ತದೆ ಎಂಬುದನ್ನು ಗಮನಿಸಿ.

ಸೂತ್ರದ ಗೋಜು ಬೇಡವೆನ್ನುವವರಿಗೆ ಒಂದು ಸುಲಭ ದಾರಿ ಇದೆ. ಅಂಗಡಿಯವರ ಲೆಕ್ಕದಲ್ಲಿ ಬಂದ ಗಂಟೆಗಳನ್ನು ಹೊರೆ 300 ವ್ಯಾಟ್‌ವರೆಗೆ ಇದ್ದರೆ 0.6ರಿಂದ, ಅದಕ್ಕೂ ಹೆಚ್ಚಿದ್ದರೆ 0.5ರಿಂದ ಗುಣಿಸಿ. ಬ್ಯಾಟರಿಗೆ ಮೂರು ವರ್ಷ ಕಳೆದಿದ್ದರೆ ಬಂದ ಉತ್ತರದ ಮುಕ್ಕಾಲು ಭಾಗವನ್ನಷ್ಟೇ ನಂಬಿ.

ಮೂರನೆಯ ಸೋರಿಕೆ ವಯಸ್ಸು. ಸಾಮರ್ಥ್ಯವು ಹೊಸದರ ಶೇ 80ಕ್ಕೆ ಇಳಿದಾಗ ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ತಂತ್ರಜ್ಞರು ಪರಿಗಣಿಸುತ್ತಾರೆ. ನಮ್ಮ ಮನೆಗಳಲ್ಲಿ ಮಾತ್ರ ಅದು ಪೂರ್ತಿ ಕೈಕೊಡುವವರೆಗೂ ಸೇವೆಯಲ್ಲಿರುತ್ತದೆ. ದಪ್ಪ ಕೊಳವೆಗಳ ಟ್ಯೂಬ್ಯುಲರ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ ಬಾಳುತ್ತದೆ, ಚಪ್ಪಟೆ ಫಲಕದ್ದು ಎರಡು-ಮೂರು ವರ್ಷ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಬ್ಯಾಟರಿ, ಮಡಿಕೇರಿಯ ಪಡಸಾಲೆಯಲ್ಲಿ ಇಟ್ಟದ್ದಕ್ಕಿಂತ ಬೇಗ ಮುದಿಯಾಗುವುದು ಸಹಜ.

ನಿಮ್ಮ ಮನೆಯ ಹೊರೆ ಎಷ್ಟು?

ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ 70ರಿಂದ 80 ವ್ಯಾಟ್ ಎಳೆಯುತ್ತದೆ. ಎಲ್‌ಇಡಿ ಬಲ್ಬ್ 9, ಹಳೆಯ ಟ್ಯೂಬ್‌ಲೈಟ್ ಅದರ ಚೋಕ್ ಸಮೇತ 50ಕ್ಕೂ ಹೆಚ್ಚು, ಎಲ್‌ಇಡಿ ಟ್ಯೂಬ್ 20, ವೈ-ಫೈ ರೂಟರ್ ಸುಮಾರು 10, ಲ್ಯಾಪ್‌ಟಾಪ್ 45ರಿಂದ 65, 32 ಇಂಚಿನ ಟಿವಿ ಸೆಟ್‌ಟಾಪ್ ಬಾಕ್ಸ್ ಸಮೇತ 70 ಎಂದು ಹಿಡಿಯಬಹುದು. ಮಿಕ್ಸಿ, ಗೀಸರ್, ಇಸ್ತ್ರಿ ಪೆಟ್ಟಿಗೆ, ನೀರಿನ ಮೋಟಾರು ಈ ಪಟ್ಟಿಗೆ ಸೇರುವಂಥವಲ್ಲ.

ಎರಡು ಫ್ಯಾನ್, ನಾಲ್ಕು ಬಲ್ಬ್, ರೂಟರ್ ಮತ್ತು ಟಿವಿ ಇರುವ ಮನೆಯನ್ನು ತೆಗೆದುಕೊಳ್ಳೋಣ. ಒಟ್ಟು 266 ವ್ಯಾಟ್. ಕಾಗದದ ಲೆಕ್ಕದಲ್ಲಿ ಆರೂಮುಕ್ಕಾಲು ಗಂಟೆ ಬರಬೇಕಾದ ಹೊಸ ಬ್ಯಾಟರಿ ನಾಲ್ಕು ಗಂಟೆ ಬಂದರೆ ದೊಡ್ಡದು. ಮೂರು ವರ್ಷದ ಬ್ಯಾಟರಿಯಾದರೆ ಮೂರು ಗಂಟೆ. ಟಿವಿ ಆರಿಸಿದರೆ ಹೊಸ ಬ್ಯಾಟರಿಯ ನಾಲ್ಕು ಗಂಟೆ ಆರಾಗುತ್ತದೆ. ಇನ್ನು ಎರಡೂ ಫ್ಯಾನ್‌ಗಳನ್ನು ಬದಲಿಸಿ 30 ವ್ಯಾಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಹೊರೆ 106 ವ್ಯಾಟ್‌ಗೆ ಇಳಿದು, ಯುಪಿಎಸ್ ತನಗಾಗಿ ತಿನ್ನುವುದನ್ನು ಕಳೆದ ಮೇಲೂ, ಅದೇ ಬ್ಯಾಟರಿ ಹನ್ನೊಂದು ಗಂಟೆಯ ಆಸುಪಾಸು ಬರುತ್ತದೆ. ಎರಡನೇ ಬ್ಯಾಟರಿ ಕೊಳ್ಳುವ ಮುನ್ನ ಫ್ಯಾನ್ ಬದಲಿಸುವುದೇ ಜಾಣತನ ಎಂಬುದು ಈ ಲೇಖಕನ ಅಭಿಪ್ರಾಯ. ಆ ಫ್ಯಾನ್ ಕರೆಂಟ್ ಇರುವಾಗಲೂ ಬಿಲ್ ಇಳಿಸುತ್ತದೆ, ಬ್ಯಾಟರಿಯಾದರೋ ಬಿಲ್ ಏರಿಸುತ್ತದೆ.

ಹಳೆಯ ಫ್ಯಾನೇ ಇರುವವರು ರೆಗ್ಯುಲೇಟರ್ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಡಬ್ಬಿಯಂಥ ಹಳೆಯ ರೆಗ್ಯುಲೇಟರ್ ವೇಗ ಇಳಿಸಿದಾಗ ಉಳಿದ ವಿದ್ಯುತ್ತನ್ನು ಶಾಖವಾಗಿ ಕಳೆಯುತ್ತದೆ, ಉಳಿತಾಯ ಅಲ್ಪ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ವೇಗ ಇಳಿಸಿದರೆ ಬ್ಯಾಟರಿಯೂ ಉಳಿಯುತ್ತದೆ.

ಅಂದಾಜಿನ ಮೇಲೆ ನಂಬಿಕೆ ಇಲ್ಲದವರು ಹೊರೆಯನ್ನು ಅಳೆದೇ ನೋಡಬಹುದು. ಇದಕ್ಕೆ ಬೇಕಾದ ಉಪಕರಣ ಪ್ರತಿ ಮನೆಯ ಮುಂಬಾಗಿಲ ಬಳಿ ಆಗಲೇ ಇದೆ. ಎಲೆಕ್ಟ್ರಾನಿಕ್ ವಿದ್ಯುತ್ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದಲ್ಲವೇ? ಪ್ರತಿ ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು, ಉದಾಹರಣೆಗೆ 3200 ಎಂದು, ಮೀಟರ್‌ನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ ಯುಪಿಎಸ್‌ಗೆ ಸೇರಿದ ದೀಪ-ಫ್ಯಾನ್‌ಗಳನ್ನಷ್ಟೇ ಉರಿಸಿ ಉಳಿದೆಲ್ಲವನ್ನೂ ಆರಿಸಿ. ಒಂದು ನಿಮಿಷದಲ್ಲಿ ದೀಪ ಎಷ್ಟು ಬಾರಿ ಮಿನುಗಿತೆಂದು ಎಣಿಸಿ. ಆ ಎಣಿಕೆಯನ್ನು 60,000ದಿಂದ ಗುಣಿಸಿ 3200ರಿಂದ ಭಾಗಿಸಿದರೆ ಹೊರೆ ವ್ಯಾಟ್‌ಗಳಲ್ಲಿ ಸಿಗುತ್ತದೆ. ಹದಿನಾಲ್ಕು ಬಾರಿ ಮಿನುಗಿದರೆ 262 ವ್ಯಾಟ್. ಎಣಿಸುವಾಗ ಫ್ರಿಜ್ ಆರಿಸುವುದನ್ನು ಮರೆತು ತಲೆಬಿಸಿ ಮಾಡಿಕೊಂಡವರಿದ್ದಾರೆ, ಎಚ್ಚರ.

ಮತ್ತೆ ಮತ್ತೆ ಹೋದರೆ?

ಇಲ್ಲಿಯವರೆಗಿನ ಲೆಕ್ಕ ತುಂಬಿದ ಬ್ಯಾಟರಿಯದು. ಲೋಡ್ ಶೆಡ್ಡಿಂಗ್‌ನ ದಿನಗಳಲ್ಲಿ ತುಂಬಿದ ಬ್ಯಾಟರಿ ಎಂಬುದೇ ಅಪರೂಪ. 2023ರಲ್ಲಿ ಮುಂಗಾರು ಕೈಕೊಟ್ಟಿತ್ತು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ನೀಡಬೇಕೆಂದು ಆದೇಶಿಸಬೇಕಾಗಿ ಬಂದಿತ್ತು. ಅಂಥ ದಿನಗಳಲ್ಲಿ ಎರಡು ಗಂಟೆ ಇದ್ದು ಎರಡು ಗಂಟೆ ಹೋಗುವ ಊರಿನಲ್ಲಿ ಮೇಲಿನ ಮನೆಯ ಬ್ಯಾಟರಿಗೆ ಏನಾಗುತ್ತದೆ ನೋಡೋಣ.

ಮನೆಯ 266 ವ್ಯಾಟ್ ಹೊರೆಗೆ ಬ್ಯಾಟರಿಯಿಂದ ಸುಮಾರು 28 ಆಂಪಿಯರ್ ಹರಿಯುತ್ತದೆ. ಎರಡು ಗಂಟೆಗೆ 55 ಎಎಚ್ ಖರ್ಚು. ಕರೆಂಟ್ ಬಂದ ಮೇಲೆ ಯುಪಿಎಸ್ 15 ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತದೆ. 150 ಎಎಚ್ ಬ್ಯಾಟರಿಗೆ ಹಿತವಾದ ವೇಗ ಅದೇ, ಸಾಮರ್ಥ್ಯದ ಹತ್ತನೇ ಒಂದು ಭಾಗ. ಎರಡು ಗಂಟೆಗೆ 30 ಎಎಚ್ ಹೋಗುತ್ತದೆ, ಅದರಲ್ಲಿ 25ರಷ್ಟು ಮಾತ್ರ ಬ್ಯಾಟರಿಯಲ್ಲಿ ನಿಲ್ಲುತ್ತದೆ. ಅಂದರೆ ಪ್ರತಿ ಸುತ್ತಿನಲ್ಲೂ 30 ಎಎಚ್ ಸಾಲ. ಈ ಹೊರೆಯಲ್ಲಿ ಬಳಕೆಗೆ ಸಿಗುವುದು 115 ಎಎಚ್ ಮಾತ್ರವಾದ್ದರಿಂದ ಮೊದಲೆರಡು ಕಡಿತಗಳು ಆರಾಮವಾಗಿ ಕಳೆಯುತ್ತವೆ, ಮೂರನೆಯದು ಹೇಗೋ ಮುಗಿಯುತ್ತದೆ, ನಾಲ್ಕನೆಯ ಬಾರಿ ಒಂದು ಗಂಟೆ ತುಂಬುವ ಮೊದಲೇ ಮನೆ ಕತ್ತಲಾಗುತ್ತದೆ. ಅದು ಸಾಮಾನ್ಯವಾಗಿ ರಾತ್ರಿಯೇ ಆಗಿರುತ್ತದೆ. ‘ಬೆಳಿಗ್ಗೆ ಸರಿಯಾಗೇ ಇತ್ತು, ರಾತ್ರಿ ಕೈಕೊಟ್ಟಿತು’ ಎಂಬ ದೂರಿನ ಹಿಂದೆ ಅನೇಕ ಬಾರಿ ಇರುವುದು ಕೆಟ್ಟ ಬ್ಯಾಟರಿಯಲ್ಲ, ಈ ಸಾಲದ ಲೆಕ್ಕ. ಹಗಲಿನ ಕಡಿತದಲ್ಲಿ ಟಿವಿ, ಒಂದು ಫ್ಯಾನ್ ಬಿಟ್ಟುಕೊಟ್ಟರೆ ರಾತ್ರಿಯ ನಿದ್ದೆ ಉಳಿಯುತ್ತದೆ.

ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು, ಎರಡೂವರೆಯಿಂದ ಮೂರು ಯೂನಿಟ್ ವಿದ್ಯುತ್ ಬೇಕು. ಅರೆಬರೆ ತುಂಬಿದ ಸ್ಥಿತಿಯಲ್ಲೇ ದಿನಗಟ್ಟಲೆ ಇಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಮತ್ತೆ ಕರಗುವುದು ಕಷ್ಟ.

ಮಲೆನಾಡಿನ ಮಳೆಗಾಲದ ಲೆಕ್ಕವೇ ಬೇರೆ. ಅಲ್ಲಿ ಕಂಬ ಮುರಿದರೆ ಎರಡು-ಮೂರು ದಿನ ಕರೆಂಟಿನ ಸುಳಿವಿರುವುದಿಲ್ಲ, ನಡುವೆ ಚಾರ್ಜ್ ಆಗುವ ಪ್ರಶ್ನೆಯೇ ಇಲ್ಲ. ಇರುವ ತೊಟ್ಟಿಯನ್ನು ದಿನಗಳಿಗೆ ಹಂಚಬೇಕು. ಎರಡು ಬಲ್ಬ್ ಮತ್ತು ಮೊಬೈಲ್ ಚಾರ್ಜ್ ಎಂದು 30 ವ್ಯಾಟ್‌ಗೆ ಮಿತಿಗೊಳಿಸಿ, ದಿನಕ್ಕೆ ನಾಲ್ಕು ಗಂಟೆ ಮಾತ್ರ ಬಳಸಿ, ಉಳಿದ ಹೊತ್ತು ಯುಪಿಎಸ್‌ನ ಗುಂಡಿಯನ್ನೇ ಆರಿಸಿಟ್ಟರೆ ಒಂದು ಬ್ಯಾಟರಿ ಐದು ದಿನವನ್ನೂ ದಾಟಿಸಬಲ್ಲದು. ಗುಂಡಿ ಆರಿಸದಿದ್ದರೆ ಯಾರೂ ಬಳಸದ ವಿದ್ಯುತ್ತನ್ನು ಪೆಟ್ಟಿಗೆಯೇ ರಾತ್ರಿಯಿಡೀ ಕುಡಿಯುತ್ತದೆ.

ಎರಡು ಬ್ಯಾಟರಿ, ಲೀಥಿಯಂ, ಪುಟ್ಟ ಯುಪಿಎಸ್

ಎರಡು ಬ್ಯಾಟರಿ ಜೋಡಿಸುವ 24 ವೋಲ್ಟ್ ಯುಪಿಎಸ್‌ನಲ್ಲಿ ಅದೇ ಹೊರೆಗೆ ಪ್ರತಿ ಬ್ಯಾಟರಿಯಿಂದ ಹರಿಯುವ ಪ್ರವಾಹ ಅರ್ಧವಾಗುವುದರಿಂದ ಸಮಯ ಎರಡು ಪಟ್ಟಿಗಿಂತಲೂ ತುಸು ಹೆಚ್ಚುತ್ತದೆ. ಆದರೆ ಹಳೆಯದರ ಜತೆ ಹೊಸದನ್ನು ಕಟ್ಟಬಾರದು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಲೀಥಿಯಂ ಬ್ಯಾಟರಿಗೆ ಅವಸರದ ಶಿಕ್ಷೆ ಬಹುತೇಕ ಇಲ್ಲ. 12.8 ವೋಲ್ಟ್, 100 ಎಎಚ್‌ನ ಲೀಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇದ್ದು, ಅದರಲ್ಲಿ ಹೆಚ್ಚಿನ ಪಾಲು ಬಳಕೆಗೆ ಸಿಗುತ್ತದೆ. 266 ವ್ಯಾಟ್ ಹೊರೆಗೆ ಅದು 150 ಎಎಚ್ ಸೀಸದ ಬ್ಯಾಟರಿಗೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ, ಬೇಗ ತುಂಬುತ್ತದೆ, ನೀರು ಕೇಳುವುದಿಲ್ಲ. ಬೆಲೆ ದುಬಾರಿ. ಸೀಸಕ್ಕೆಂದೇ ಮಾಡಿದ ಹಳೆಯ ಯುಪಿಎಸ್‌ಗೆ ತಯಾರಕರ ಒಪ್ಪಿಗೆಯಿಲ್ಲದೆ ಅದನ್ನು ಜೋಡಿಸಬಾರದು.

ವೈ-ಫೈ ರೂಟರ್‌ಗೆಂದು ಮಾರುವ ಪುಟ್ಟ ಯುಪಿಎಸ್‌ಗಳ ಮೇಲೆ 10,000 ಎಂಎಎಚ್ ಎಂದು ಬರೆದಿರುವುದನ್ನು ನೋಡಿ ಮಾರುಹೋಗಬೇಡಿ. ಆ ಅಂಕಿ ಒಳಗಿನ 3.7 ವೋಲ್ಟ್ ಕೋಶಗಳದು, 12 ವೋಲ್ಟ್‌ನದಲ್ಲ. ಗುಣಿಸಿದರೆ 37 ವ್ಯಾಟ್-ಅವರ್. ಹತ್ತು ವ್ಯಾಟ್ ರೂಟರ್‌ಗೆ ಮೂರು ಗಂಟೆ. ಕಂಪ್ಯೂಟರ್ ಪಕ್ಕದ 600 ವಿಎ ಯುಪಿಎಸ್‌ನಲ್ಲಿರುವುದು ಸಾಮಾನ್ಯವಾಗಿ 7 ಎಎಚ್‌ನ ಪುಟಾಣಿ ಬ್ಯಾಟರಿ, ಕಡತ ಉಳಿಸಿ ಯಂತ್ರ ಆರಿಸಲಷ್ಟೇ ಅದರ ಸಮಯ.

ಉಸಿರಿನ ಲೆಕ್ಕ

2021ರ ಕೋವಿಡ್ ಎರಡನೇ ಅಲೆಯ ಬಳಿಕ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಎಂಬ ಹೆಸರು ಮನೆಮಾತಾಯಿತು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಿರುವ ಅನೇಕ ಹಿರಿಯರು ಮನೆಯಲ್ಲಿ ಇದನ್ನೇ ಆಶ್ರಯಿಸಿದ್ದಾರೆ. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಜತೆಗೊಂದು ಬಲ್ಬ್ ಸೇರಿ 360. ಆರಂಭದಲ್ಲಿ ಹೇಳಿದ ‘ಐದು ಗಂಟೆ’ ಇದೇ. ಹೊಸ 150 ಎಎಚ್ ಬ್ಯಾಟರಿಯಲ್ಲಿ ಇದು ಮೂರು ಗಂಟೆಗೂ ಕಡಿಮೆ, ಮೂರು ವರ್ಷದ ಬ್ಯಾಟರಿಯಲ್ಲಿ ಎರಡು ಗಂಟೆ. ಅದೇ ಸಂಜೆ ಹಿಂದೊಂದು ಬಾರಿ ಕರೆಂಟ್ ಹೋಗಿ ಬಂದಿದ್ದರೆ ಅಷ್ಟೂ ಇಲ್ಲ. ಯಂತ್ರದೊಳಗಿನ ಕಂಪ್ರೆಸರ್ ಚಾಲೂ ಆಗುವಾಗ ಕ್ಷಣಕಾಲ ಹಲವು ಪಟ್ಟು ಹೆಚ್ಚು ಪ್ರವಾಹ ಕೇಳುವುದರಿಂದ ಸೈನ್ ವೇವ್ ಮಾದರಿಯ, ಸಾಕಷ್ಟು ವಿಎ ಇರುವ ಯುಪಿಎಸ್ಸೇ ಬೇಕು. ಇಲ್ಲಿ ಮಾತ್ರ ವಿಎಗೆ ಕೊಟ್ಟ ಹಣ ದಂಡವಲ್ಲ.

ಇಂಥ ಮನೆಗಳಲ್ಲಿ ಯುಪಿಎಸ್ ಒಂದನ್ನೇ ನೆಚ್ಚಿಕೊಳ್ಳುವುದು ಸಲ್ಲದು. ಒಂದು ಸಿಲಿಂಡರ್ ಜತೆಗಿರಬೇಕು. ‘ಬಿ’ ಮಾದರಿಯ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿರುತ್ತದೆ. ವೈದ್ಯರು ನಿಮಿಷಕ್ಕೆ 2 ಲೀಟರ್ ಎಂದಿದ್ದರೆ ಅದು ಹನ್ನೆರಡು ಗಂಟೆ, 5 ಲೀಟರ್ ಎಂದಿದ್ದರೆ ಐದು ಗಂಟೆ. ಈ ಐದು ಗಂಟೆ ಬ್ಯಾಟರಿಯ ಐದು ಗಂಟೆಯಂತಲ್ಲ. ಸಿಲಿಂಡರ್ ತುಂಬಿದ್ದರೆ, ಸೋರಿಕೆ ಇಲ್ಲದಿದ್ದರೆ ಹೇಳಿದಷ್ಟು ಬಂದೇ ಬರುತ್ತದೆ.

ಫ್ರಿಜ್‌ನಲ್ಲಿ ಇನ್ಸುಲಿನ್ ಇಟ್ಟವರೂ ಗಾಬರಿಪಡುವುದುಂಟು. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆಯಷ್ಟು ತಂಪನ್ನು ಕಾಯ್ದುಕೊಳ್ಳುತ್ತದೆ. ಅದನ್ನು ಯುಪಿಎಸ್‌ಗೆ ತಗುಲಿಸಿ ಫ್ಯಾನ್-ದೀಪಗಳ ಸಮಯವನ್ನು ಬಲಿಕೊಡುವ ಅಗತ್ಯ ಸಾಮಾನ್ಯ ಕಡಿತಕ್ಕೆ ಬರುವುದಿಲ್ಲ.

ಒಂದು ಭಾನುವಾರದ ಪರೀಕ್ಷೆ

ಎಲ್ಲ ಲೆಕ್ಕಕ್ಕೂ ಮೇಲಿನದು ಪ್ರತ್ಯಕ್ಷ ಪರೀಕ್ಷೆ. ಬ್ಯಾಟರಿ ಪೂರ್ತಿ ತುಂಬಿರುವ ದಿನ ಯುಪಿಎಸ್‌ಗೆ ಬರುವ ಕರೆಂಟನ್ನು ಎಂಸಿಬಿಯಲ್ಲಿ ಆರಿಸಿ, ಮಾಮೂಲಿ ಹೊರೆ ಉರಿಸಿ, ಮೊದಲ ಎಚ್ಚರಿಕೆಯ ಕೂಗು ಬರುವವರೆಗಿನ ಸಮಯ ಬರೆದುಕೊಳ್ಳಿ. ಕೂಗಿದ ಕೂಡಲೇ ಕರೆಂಟ್ ಹಾಕಿಬಿಡಿ. ರೋಗಿಯ ಯಂತ್ರ ಇರುವ ಮನೆಯಲ್ಲಿ ಆ ಹೊತ್ತು ರೋಗಿಗೆ ಸಿಲಿಂಡರ್ ಜೋಡಿಸಿಯೇ ಈ ಪರೀಕ್ಷೆ ಮಾಡಬೇಕು. ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಬ್ಯಾಟರಿಯನ್ನು ತಿಂಗಳಿಗೊಮ್ಮೆ ಪೂರ್ತಿ ಬರಿದು ಮಾಡುವುದು ಒಳ್ಳೆಯದು ಎಂಬ ಮಾತು ಸೀಸದ ಬ್ಯಾಟರಿಗೆ ಅನ್ವಯಿಸುವುದಿಲ್ಲ.

ಸಮಯ ಹೊಸದರಲ್ಲಿ ಇದ್ದುದರ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಮೊದಲು ನೀರಿನ ಮಟ್ಟ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಲ್ಲಿ ನೀರು ಕೂಡದು. ಟರ್ಮಿನಲ್‌ಗಳ ಮೇಲೆ ಕೂತ ಬಿಳಿ ಪುಡಿಯೂ ಸಮಯ ಕದಿಯುತ್ತದೆ. ಮೆಕ್ಯಾನಿಕ್ ಬಂದರೆ ಹೈಡ್ರೊಮೀಟರ್‌ನಿಂದ ಆರೂ ಕೋಶಗಳನ್ನು ಅಳೆಯಲು ಹೇಳಿ. ತುಂಬಿದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸು ಇರಬೇಕು. ಐದು ಕೋಶ ಸರಿಯಿದ್ದು ಒಂದೇ ತೀರಾ ಕೆಳಗಿದ್ದರೆ ಆ ಬ್ಯಾಟರಿಗೆ ಇನ್ನು ನೀರು ಹಾಕಿ ಪ್ರಯೋಜನವಿಲ್ಲ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಬ್ಯಾಟರಿ ಇಟ್ಟ ಜಾಗಕ್ಕೆ ಗಾಳಿಯಾಡಬೇಕು, ದೇವರ ದೀಪದ ಪಕ್ಕ ಅದರ ಜಾಗವಲ್ಲ.

ನಿರ್ವಹಣೆಗಾಗಿ ಪೂರ್ವನಿಗದಿತ ಕಡಿತವನ್ನು ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಸೆಸ್ಕ್ ಮುಂಚಿತವಾಗಿ ಪ್ರಕಟಿಸುತ್ತವೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೈದರವರೆಗೆ ಎಂದಿದ್ದರೆ ಅದು ಆರೇಳು ಗಂಟೆ. ನಿಮ್ಮ ಪರೀಕ್ಷೆಯಲ್ಲಿ ಬಂದ ಸಮಯವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆ ದಿನ ಯಾವುದನ್ನು ಆರಿಸಿಡಬೇಕೆಂದು ತಿಳಿಯುತ್ತದೆ. ಪ್ರಕಟಣೆಯಿಲ್ಲದೆ ಹೋದ ಕರೆಂಟಿನ ಬಗ್ಗೆ ವಿಚಾರಿಸಲು, ದೂರು ದಾಖಲಿಸಲು ಸಹಾಯವಾಣಿ 1912.